ಹತ್ತೊಂಬತ್ತು ನಿಮಿಷದ ಕೋಟು

ನನ್ನ ಬಲಗಾಲಿನ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಸ್ವಲ್ಪ ಎಂದದ್ದು ಸಂಕೋಚಕ್ಕೆ, ನಿಜವಾಗಿ ಬಹಳವೇ ಇದೆ. ಮೂವತ್ತನಾಲ್ಕು ವರ್ಷದಿಂದ ಹೊಲಿಗೆ ಯಂತ್ರದ ಪೆಡಲ್ ಒತ್ತುತ್ತಿರುವ ಕಾಲು ಇದು. ಎಂಥ ಕಾಲರನ್ನಾದರೂ ಕೊಡಿ, ಅದರ ಮೊನೆಯಲ್ಲಿ ಸೂಜಿಯನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಿಲ್ಲಿಸುತ್ತೇನೆ. ಅಂಥ ಕಾಲೇ ಒಂದು ಶನಿವಾರ ನಮ್ಮ ಹುಡುಗಿಯ ಎರಡು ವರ್ಷದ ದುಡಿಮೆಯನ್ನು ಮಣ್ಣುಪಾಲು ಮಾಡಲು ಹೊರಟಿತ್ತು. ಅದನ್ನೇ ಹೇಳುತ್ತೇನೆ. ನಡುವೆ ಯಾರ ಮೇಲಾದರೂ ರೇಗಿದರೆ ಹೊಟ್ಟೆಗೆ ಹಾಕಿಕೊಳ್ಳಿ, ನನ್ನ ಸ್ವಭಾವವೇ ಹಾಗೆ.

ಅಂಗಡಿ ನನ್ನದು ಮತ್ತು ಅಕ್ಕನದು. ಒಂದೇ ಕೋಣೆ, ಬೀದಿಗೆ ಒಂದು ಗಾಜಿನ ಬಾಗಿಲು, ಒಳಗೆ ಮೂರು ಮೇಜು. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಸರಿಪಡಿಸುವುದೇ ಹೆಚ್ಚು. ಪ್ಯಾಂಟಿನ ಅಂಚು ಮಡಿಸುತ್ತೇವೆ, ಕೆಟ್ಟ ಜಿಪ್ ಬದಲಿಸುತ್ತೇವೆ, ದಪ್ಪಗಾದವರಿಗೆ ಬಿಚ್ಚುತ್ತೇವೆ, ತೆಳ್ಳಗಾದೆವೆಂದು ನಂಬಿಕೊಂಡವರಿಗೆ ಹಿಡಿಯುತ್ತೇವೆ. ಮೊದಲ ಮೇಜು ಅಕ್ಕನದು, ಎರಡನೆಯದು ನನ್ನದು. ಮೂರನೆಯದರ ಮೇಲೆ ಹಿಂದೆ ಗುಂಡಿಗೆ ಕಾಜ ಹಾಕುವ ಯಂತ್ರವಿತ್ತು. ಎರಡು ವರ್ಷದಿಂದ ಆ ಯಂತ್ರ ಹಳೇ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿತ್ತು, ಅದರ ಜಾಗಕ್ಕೆ ಅಕ್ಕನ ಮಗಳ ಕಂಪ್ಯೂಟರು ಬಂದಿತ್ತು. ಕಾಜಗಳನ್ನೆಲ್ಲ ಅಕ್ಕ ಕೈಯಲ್ಲೇ ಹಾಕುತ್ತಿದ್ದಳು. ಪ್ರತಿ ಕಾಜಕ್ಕೂ ಒಂದು ನಿಟ್ಟುಸಿರು ಉಚಿತ.

ಅಕ್ಕನ ಮಗಳನ್ನು ನಾವು ಗುಂಡುಸೂಜಿ ಎಂದೇ ಕರೆಯುವುದು. ನಾಲ್ಕು ವರ್ಷದವಳಿದ್ದಾಗ ಅಂಗಡಿಯ ನೆಲದಲ್ಲಿ ಅಯಸ್ಕಾಂತ ಹಿಡಿದು ತೆವಳುತ್ತ ಬಿದ್ದ ಗುಂಡುಸೂಜಿ ಆರಿಸುವುದು ಅವಳ ಕೆಲಸವಾಗಿತ್ತು. ಹನ್ನೆರಡಕ್ಕೆ ಯಂತ್ರದ ಮುಂದೆ ಕೂತಳು. ಇಪ್ಪತ್ತಮೂರಕ್ಕೆ, ಇನ್ನೇನು ಮೂರನೇ ಮೇಜು ಅವಳದೇ ಎನ್ನುವಾಗ, "ನಾನೊಂದು ವಿಡಿಯೋ ಗೇಮ್ ಮಾಡ್ತೀನಿ" ಎಂದಳು. ಅಕ್ಕ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಸುಮ್ಮನಿರಬಹುದಿತ್ತು. "ಮಾಡಲಿ ಬಿಡಕ್ಕ, ನನ್ನ ಜವಾಬ್ದಾರಿ" ಎಂದುಬಿಟ್ಟೆ.

ಆಗ ಅಕ್ಕ ಹಾಕಿದ ಷರತ್ತು ಇಷ್ಟು. ಎರಡು ವರ್ಷ ಮೇಜು ಅವಳದು. ಎರಡನೇ ವರ್ಷದ ಕೊನೆಗೆ ಊರಿನ ದೊಡ್ಡ ಸಭಾಂಗಣದಲ್ಲಿ ಹೊಸ ಆಟಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ಇಪ್ಪತ್ತು ಆಟಗಳಲ್ಲಿ ಒಂದನ್ನು ಆರಿಸುತ್ತಾರೆ. ಆರಿಸಿದವರಿಗೆ ಒಂದು ವರ್ಷ ಕೂತು ಕೆಲಸ ಮಾಡಲು ಸ್ವಂತ ಕೋಣೆ, ಆಟಕ್ಕೆ ಲೋಕದೆಲ್ಲೆಡೆ ಬಿಡುಗಡೆ. ಅದು ಸಿಕ್ಕಿದರೆ ಸರಿ. ಸಿಗದಿದ್ದರೆ ಸೋಮವಾರ ಬೆಳಿಗ್ಗೆ ಕಂಪ್ಯೂಟರು ಕೆಳಗೆ, ಕಾಜದ ಯಂತ್ರ ಮೇಲೆ, ಹುಡುಗಿ ಅದರ ಮುಂದೆ. ಅಕ್ಕ ಹಿಡಿದ ಪಟ್ಟು ಬಿಡುವವಳಲ್ಲ. ಆವತ್ತಿನಿಂದ ಅವಳು ಮೂರನೇ ಮೇಜಿಗೆ ಬೆನ್ನು ತಿರುಗಿಸಿ ಕೂತಳು, ಎರಡು ವರ್ಷದಲ್ಲಿ ಒಮ್ಮೆಯೂ ಆ ಪರದೆಯತ್ತ ತಿರುಗಿ ನೋಡಲಿಲ್ಲ.

ಆಟದ ಹೆಸರು ಕೆಂಪು ನೂಲು. ಅದರಲ್ಲಿ ಬಣ್ಣ ಮೂರೇ: ಕಪ್ಪು, ಬಿಳಿ, ಕೆಂಪು. ಪರದೆ ತೆರೆದರೆ ಕತ್ತಲೆಯಲ್ಲಿ ಒಂದು ಊರು. ಮನೆಗಳ ಗೆರೆ ಬಿಳಿ, ಕಿಟಕಿಗಳೆಲ್ಲ ಕಪ್ಪು. ಮೂಲೆಯಲ್ಲೊಂದು ಕೆಂಪು ನೂಲಿನ ತುದಿ. ಗುಂಡಿ ಒಂದೇ. ಒತ್ತಿ ಹಿಡಿದರೆ ನೂಲು ಗೋಡೆ ಹತ್ತಿ, ಸೂರು ಹಾರಿ, ಬೀದಿ ದಾಟಿ ಓಡುತ್ತದೆ. ಸಂಗೀತದ ಪೆಟ್ಟು ಬೀಳುವಾಗ ಬಿಟ್ಟರೆ ನೂಲು ಒಂದು ಕಿಟಕಿಗೆ ಗಂಟು ಬೀಳುತ್ತದೆ, ಒಳಗೆ ದೀಪ ಹತ್ತುತ್ತದೆ. ಪೆಟ್ಟು ತಪ್ಪಿ ಬಿಟ್ಟರೆ ನೂಲು ಪಟ್ಟೆಂದು ಕಡಿಯುತ್ತದೆ, ಮೂರು ಸಲ ಕಡಿದರೆ ಹಾಡು ಮೊದಲಿಂದ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಒಂದು ಅಕ್ಷರ ಇಲ್ಲ. ಒಟ್ಟು ಐದು ಹಾಡು, ಹತ್ತೊಂಬತ್ತು ನಿಮಿಷ.

ಹಾಡುಗಳನ್ನೂ ಅವಳೇ ಕಟ್ಟಿದ್ದು. ಅಂಗಡಿಯ ಸದ್ದುಗಳನ್ನೆಲ್ಲ ಹಿಡಿದಿಟ್ಟಿದ್ದಳು. ದಪ್ಪ ಬಟ್ಟೆಯಲ್ಲಿ ಕತ್ತರಿ ಕಚ್ಚುವ ಸದ್ದು, ಇಸ್ತ್ರಿಪೆಟ್ಟಿಗೆ ಉಗಿ ಬಿಡುವ ಉಸ್ಸೆನ್ನುವುದು, ಡಬ್ಬಿಯಲ್ಲಿ ಗುಂಡಿ ಅಲುಗುವುದು, ನನ್ನ ಯಂತ್ರ, ಅಕ್ಕನ ಯಂತ್ರ. ಅವನ್ನು ಎಂಥ ತಾಳಕ್ಕೆ ಕೂರಿಸಿದ್ದಳೆಂದರೆ, ಮೂರನೇ ಹಾಡು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕುಣಿಯೋಣ ಎನ್ನಿಸುತ್ತಿತ್ತು. ಐವತ್ತೆರಡರ ಹೆಂಗಸು ನಾನು, ಮಂಡಿ ಬೇರೆ ನೋವು, ಆದ್ದರಿಂದ ಕುಣಿಯಲಿಲ್ಲ.

ಕೊನೆಯ ಹಾಡಿನ ಕೊನೆಗೆ ಎಲ್ಲ ಕಿಟಕಿಗಳೂ ಬೆಳಗಿದ ಮೇಲೆ ನೋಟ ಮೆಲ್ಲಗೆ ಮೇಲೇರುತ್ತದೆ. ಬೀದಿಗಳು ಸಣ್ಣಗಾಗುತ್ತವೆ, ಕೆಂಪು ನೂಲು ಹೋದ ದಾರಿಯೆಲ್ಲ ಹೊಲಿಗೆಯ ಸಾಲಾಗಿ ಕಾಣುತ್ತದೆ. ಆಗ ಗೊತ್ತಾಗುತ್ತದೆ, ಇಷ್ಟು ಹೊತ್ತು ನಾವು ಊರು ಸುತ್ತಲಿಲ್ಲ, ಒಂದು ಕೋಟು ಹೊಲಿದೆವು. ಒಬ್ಬ ಮುದುಕಿ ಬಂದು ಅದನ್ನು ತೊಟ್ಟು, ಕಾಲರು ಎತ್ತಿಕೊಂಡು ಪರದೆಯಿಂದಾಚೆ ನಡೆದುಹೋಗುತ್ತಾಳೆ. ಅಷ್ಟೇ, ಮುಗಿಯಿತು. ಮೊದಲ ಸಲ ಅದನ್ನು ನೋಡಿ ನಾನು ಅತ್ತೆ. ಗುಂಡುಸೂಜಿ ಹೆದರಿ ನೀರು ತಂದಳು.

ಪರೀಕ್ಷೆಗೆ ಕೂರುವವಳು ನಾನೇ. ಹೆಬ್ಬೆರಳಿನಲ್ಲಿ ಆಡಲು ನನಗೆ ಬರಲಿಲ್ಲ. ಅದಕ್ಕೆ ಅವಳು ಕೆಟ್ಟುಹೋದ ಒಂದು ಯಂತ್ರದ ಪೆಡಲನ್ನು ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿಕೊಟ್ಟಳು. ಊಟದ ಹೊತ್ತಿನಲ್ಲಿ ನಾನು ಆಡುವುದು, ಅವಳು ಪಕ್ಕದಲ್ಲಿ ಕೂತು "ಈಗ ಸರಿ ಇದೆಯಾ?" ಎನ್ನುವುದು, ನಾನು "ಇನ್ನೂ ಒಂಚೂರು ಮುಂಚೆ" ಎನ್ನುವುದು. ಅವಳೂ ಆಡಿ ನೋಡಿ "ಹೌದು, ಈಗ ಸರಿಹೋಯ್ತು" ಎನ್ನುತ್ತಿದ್ದಳು. ಹೊರಗಿನವರಿಗೆ ತೋರಿಸಲಿಲ್ಲ. ಮುಗಿಯದ ಬಟ್ಟೆಯನ್ನು ಗಿರಾಕಿಯ ಕಣ್ಣಿಗೆ ಬೀಳಿಸಬಾರದು ಎನ್ನುವುದು ನಮ್ಮ ಅಂಗಡಿಯ ಕಟ್ಟುಪಾಡು. ಅರ್ಧ ಹೊಲಿದ ಕೋಟು ನೋಡಿದವರು ಆಮೇಲೆ ಅದರಲ್ಲಿ ಹುಳುಕನ್ನೇ ಹುಡುಕುತ್ತಾರೆ. ಅವಳು ನಮ್ಮ ಮನೆಯ ಹುಡುಗಿಯಲ್ಲವೇ, ಆಟಕ್ಕೂ ಅದೇ ಕಟ್ಟುಪಾಡು ಹಾಕಿಕೊಂಡಳು.

ಪ್ರದರ್ಶನಕ್ಕೆ ಎರಡು ತಿಂಗಳಿರುವಾಗ ಆಯ್ಕೆದಾರರಿಂದ ಕಾಗದ ಬಂತು. ಆಟದ ಒಂದು ವಿಡಿಯೋವನ್ನಷ್ಟೇ ಅವರಿಗೆ ಕಳಿಸಿದ್ದಳು. "ಕಣ್ಣು ಕೀಳಲಾಗದಷ್ಟು ಚೆಂದವಿದೆ. ಆದರೆ ಹತ್ತೊಂಬತ್ತು ನಿಮಿಷದ ಆಟವನ್ನು ಯಾರೂ ಆಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಜು ಕೊಡುತ್ತೇವೆ. ನಾಲ್ಕು ಗಂಟೆಗೆ ಹಿಗ್ಗಿಸಿದರೆ ಆಯ್ಕೆಯಾಗುವ ಸಂಭವವಿದೆ" ಎಂದು ಬರೆದಿತ್ತು. ಗುಂಡುಸೂಜಿ ಮೂರು ದಿನ ಮುಖ ಸಪ್ಪಗೆ ಮಾಡಿಕೊಂಡು ಹೊಸ ಹಾಡು ಹೊಸೆಯುತ್ತ ಕೂತಳು.

"ನಾಲ್ಕು ಗಂಟೆ ಆಗಬೇಕಾದ್ರೆ ಇನ್ನೂ ಐವತ್ತೆಂಟು ಹಾಡು ಬೇಕು ಚಿಕ್ಕಮ್ಮ" ಎಂದಳು ನಾಲ್ಕನೇ ದಿನ.

ನನ್ನ ಪಿತ್ತ ನೆತ್ತಿಗೇರಿತು. "ಆ ಮುದುಕಿ ಕೋಟು ನೆಲಕ್ಕೆ ಎಳ್ಕೊಂಡು ಹೋಗಬೇಕಾ? ನಾಲ್ಕು ಗಂಟೆ ಎಳೆದ್ರೆ ಅದು ಕೋಟಲ್ಲ ಕಣೇ, ಕಿಟಕಿ ಪರದೆ. ಒಂದು ಹೊಲಿಗೆ ಹೆಚ್ಚು ಹಾಕಿದ್ರೂ ನಾನು ಆಡಲ್ಲ, ನೋಡು."

ಅವಳು ಮೂರು ದಿನದ ಹಾಡುಗಳನ್ನು ಒಮ್ಮೆ ಕೇಳಿಸಿಕೊಂಡಳು. ಆಮೇಲೆ ಹೊಸೆದದ್ದನ್ನೆಲ್ಲ ಅಳಿಸಿ ಹಾಕಿದಳು. ಅಕ್ಕ ಬೆನ್ನು ತಿರುಗಿಸಿಕೊಂಡೇ "ಪ್ರದರ್ಶನ ಮುಗಿದ ಸೋಮವಾರ ಹೊದಿಕೆ ಒಗೆಯೋಕೆ ಹಾಕಬೇಕು" ಎಂದಳು. ಕಾಜದ ಯಂತ್ರ ಹೊದ್ದಿದ್ದ ಹೊದಿಕೆಯ ಮಾತು ಅದು.

ಪ್ರದರ್ಶನದ ಶನಿವಾರ ನಾನೂ ಗುಂಡುಸೂಜಿಯೂ ಬೆಳಿಗ್ಗೆ ಎಂಟಕ್ಕೇ ಸಭಾಂಗಣದಲ್ಲಿದ್ದೆವು. ಅಕ್ಕ ಅಂಗಡಿ ಬಿಟ್ಟು ಬರಲಿಲ್ಲ. ನಮಗೆ ಸಿಕ್ಕಿದ್ದು ಬಾಗಿಲಿನಿಂದ ಏಳನೇ ಮೇಜು. ಎರಡು ಕುರ್ಚಿ, ಎರಡು ಚಿಕ್ಕ ಪರದೆ, ಕಿವಿಗೆ ಹಾಕಲು ಎರಡು ಹೆಡ್‌ಫೋನು, ಹಿಂದಿನ ಗೋಡೆಗೆ ಎಲ್ಲರಿಗೂ ಕಾಣುವ ದೊಡ್ಡ ಪರದೆ ಒಂದು. ಗುಂಡುಸೂಜಿಯ ಕಪ್ಪು ಊರು ಆ ಗೋಡೆಯ ಮೇಲೆ ಬಂದಾಗ ಪಕ್ಕದ ಮೇಜಿನವರು ಸ್ವಂತ ಕೆಲಸ ಬಿಟ್ಟು ನೋಡುತ್ತ ನಿಂತರು. ಸುತ್ತ ಹತ್ತೊಂಬತ್ತು ಮೇಜುಗಳಲ್ಲಿ ಸಿಕ್ಕ ಸಿಕ್ಕ ಬಣ್ಣವೆಲ್ಲ ಕುಣಿಯುತ್ತಿತ್ತು, ನಮ್ಮದು ಮೂರೇ ಬಣ್ಣದಲ್ಲಿ ನೆಟ್ಟಗೆ ನಿಂತಿತ್ತು. ನನ್ನ ಕೋಳಿಕುತ್ತಿಗೆ ಎರಡಿಂಚು ಉದ್ದವಾಯಿತು.

ಹತ್ತಕ್ಕೆ ಬಾಗಿಲು ತೆರೆಯಿತು. ಜನ ಬೇರೆಲ್ಲೂ ನಿಲ್ಲದೆ ನೇರ ನಮ್ಮಲ್ಲಿಗೇ ಬಂದರು. ಮೊದಲು ಕೂತವರು ಇಬ್ಬರು ಕಾಲೇಜು ಹುಡುಗಿಯರು. ನೂಲು ಓಡಿತು, ಪೆಟ್ಟು ಬಿತ್ತು, ಬಿಟ್ಟರು. ಕಡಿಯಿತು. ಮತ್ತೆ ಓಡಿತು, ಮತ್ತೆ ಕಡಿಯಿತು. ಐದು ನಿಮಿಷಕ್ಕೆ ಎದ್ದು "ಚೆನ್ನಾಗಿದೆ, ತುಂಬ ಕಷ್ಟ" ಎಂದು ಹೊರಟುಹೋದರು. ಆಮೇಲೆ ಒಬ್ಬರು ಅಂಚೆಯವರು, ಆಮೇಲೆ ಬ್ಯಾಂಕಿನ ಗುರುತುಚೀಟಿ ಕೊರಳಲ್ಲಿದ್ದ ಒಬ್ಬಾಕೆ, ಆಮೇಲೆ ಗಂಡ ಹೆಂಡತಿ. ಗಂಡ ಹೆಂಡತಿ ಗುಂಡಿ ಕೆಟ್ಟಿದೆ ಎಂದರು. ಬ್ಯಾಂಕಿನಾಕೆ ತನಗೆ ತಾಳಜ್ಞಾನವೇ ಇಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹನ್ನೊಂದೂವರೆಗೆ ನಮ್ಮ ಮುಂದೆ ನೊಣವೂ ಇರಲಿಲ್ಲ. ಯಾರೂ ಎರಡನೇ ಹಾಡು ದಾಟಿರಲಿಲ್ಲ. ಕೋಟು ಒಬ್ಬರಿಗೂ ಕಂಡಿರಲಿಲ್ಲ.

ಗುಂಡುಸೂಜಿ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದಳು. "ಅಮ್ಮ ಹೇಳಿದ್ದೇ ಸರಿ ಚಿಕ್ಕಮ್ಮ. ಸೋಮವಾರ ಹೊದಿಕೆ ನಾನೇ ಒಗೀತೀನಿ."

"ಬಾಯಿ ಮುಚ್ಚು" ಎಂದೆ. ಜವಾಬ್ದಾರಿ ನನ್ನದು ಎಂದು ಬಾಯಿಬಿಟ್ಟವಳು ನಾನಲ್ಲವೇ?

ಅಷ್ಟರಲ್ಲಿ ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ಒಬ್ಬ ನರ್ಸಮ್ಮ ಬಂದು ಕೂತರು. ಈ ಸಲ ನಾನು ಪರದೆ ನೋಡಲಿಲ್ಲ. ಗಿರಾಕಿ ಕನ್ನಡಿಯ ಮುಂದೆ ನಿಂತು ಏನು ಹೇಳುತ್ತಾನೆ ಎನ್ನುವುದನ್ನು ನಾವು ಕೇಳುವುದಿಲ್ಲ, ಭುಜ ಎಲ್ಲಿ ಕೂತಿದೆ ಎಂದು ನೋಡುತ್ತೇವೆ. ಹಾಗೆಯೇ ನರ್ಸಮ್ಮನ ಬೆರಳು ನೋಡಿದೆ. ಎರಡನೇ ಹೆಡ್‌ಫೋನನ್ನು ಆಕೆಯ ಆಟಕ್ಕೇ ಜೋಡಿಸಿ ನನ್ನ ಕಿವಿಗೆ ಹಾಕಿಕೊಂಡೆ. ಪೆಟ್ಟು ಬೀಳುತ್ತಿತ್ತು, ಅದೇ ಹೊತ್ತಿಗೆ ಬೆರಳು ಏಳುತ್ತಿತ್ತು. ಒಂದಲ್ಲ, ಹತ್ತು ಸಲ ನೋಡಿದೆ. ಆಕೆಯ ತಾಳ ಗಡಿಯಾರದಷ್ಟು ಸರಿಯಾಗಿತ್ತು. ಆದರೂ ನೂಲು ಕಡಿಯುತ್ತಿತ್ತು.

ಆಕೆ ಎದ್ದ ಮೇಲೆ ಚೀಲದಿಂದ ನನ್ನ ಪೆಡಲ್ ತೆಗೆದು ಸಿಕ್ಕಿಸಿ ನಾನು ಕೂತೆ. ಒಂದನೇ ಹಾಡು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಆಗ ನನ್ನ ಕಾಲನ್ನೇ ಬಗ್ಗಿ ನೋಡಿದೆ. ಪೆಟ್ಟು ಬೀಳುವುದಕ್ಕೆ ರೆಪ್ಪೆ ಬಡಿಯುವಷ್ಟು ಮುಂಚೆ ಅದು ಏಳುತ್ತಿತ್ತು. ಪ್ರತಿಸಲವೂ.

ಹೊಲಿಗೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಮಿಕ್ಕವರಿಗೆ ಹೇಳುತ್ತೇನೆ. ಯಂತ್ರದಲ್ಲಿ ಸೂಜಿ ಮೂಲೆಗೆ ಬಂದಾಗ ಕಾಲು ತೆಗೆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಓಡುವ ಭರದಲ್ಲಿ ಇನ್ನೆರಡು ಹೊಲಿಗೆ ಹಾಕಿಯೇ ನಿಲ್ಲುತ್ತದೆ, ಕಾಲರಿನ ಮೊನೆ ಕೆಡುತ್ತದೆ. ಅದಕ್ಕೆ ನಾವು ಮೂಲೆ ಬರುವ ಮೊದಲೇ ಕಾಲು ಎತ್ತುತ್ತೇವೆ, ಸೂಜಿ ತಾನಾಗಿ ಮೂಲೆಗೆ ಬಂದು ನಿಲ್ಲುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಅದು ನನಗೆ ಅಭ್ಯಾಸವಾಗಿ ಉಳಿದಿಲ್ಲ, ಮೂಳೆಗೇ ಇಳಿದಿದೆ. ನಾನು "ಇನ್ನೂ ಒಂಚೂರು ಮುಂಚೆ" ಎಂದಾಗಲೆಲ್ಲ ಹುಡುಗಿ ಆಟವನ್ನು ಒಂಚೂರು ಮುಂಚೆ ಸರಿಸಿದ್ದಳು. ಹನ್ನೆರಡನೇ ವಯಸ್ಸಿನಿಂದ ಯಂತ್ರ ತುಳಿದವಳು ಅವಳು, ಅವಳಿಗೂ ಅದೇ ಸರಿ ಎನ್ನಿಸಿತ್ತು. ಲೋಕದಲ್ಲಿ ಇಬ್ಬರೇ ಇಬ್ಬರು ಹೊಲಿಗೆಯವರ ಕಾಲಿಗೆ ಅಳೆದು ಹೊಲಿದ ಆಟವನ್ನು ತಂದು ಊರಿನವರಿಗೆಲ್ಲ ತೊಡಿಸಲು ಹೊರಟಿದ್ದೆವು.

"ತಪ್ಪು ನಂದು ಕಣೇ" ಎಂದೆ. ಈ ಮಾತನ್ನು ನಾನು ವರ್ಷಕ್ಕೊಮ್ಮೆಯೂ ಆಡುವವಳಲ್ಲ, ಅವಳು ಬೆಚ್ಚಿ ತಲೆಯೆತ್ತಿದಳು. ಕಾಲಿನ ವಿಷಯ ಹೇಳಿದೆ. ಅವಳು ಕೈಬೆರಳಿನಲ್ಲಿ ಆಡಿ ನೋಡಿದಳು, ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿದಳು. "ನಾನೂ ಮುಂಚೆ ಬಿಡ್ತೀನಿ" ಎಂದಳು ಸಣ್ಣ ದನಿಯಲ್ಲಿ. "ಸೆಕೆಂಡಿನ ಹತ್ತರಲ್ಲೊಂದು ಭಾಗ. ಸರಿಸಬಹುದು, ಒಂದು ಅಂಕೆ ಬದಲಿಸಿದ್ರೆ ಸಾಕು. ಆದ್ರೆ ಎಷ್ಟು ಸರಿಸಲಿ? ಒಬ್ಬೊಬ್ಬರ ಕೈ ಒಂದೊಂದು ಥರ ಇದ್ರೆ?"

"ಅಂಗಡಿಗೆ ಬಂದವರಿಗೆಲ್ಲ ಒಂದೇ ಅಳತೆಯಲ್ಲಿ ಹೊಲೀತೀಯಾ?"

ಅವಳು ನನ್ನ ಮುಖ ನೋಡಿದಳು. ನನ್ನ ಕೊರಳಲ್ಲಿ ಯಾವಾಗಲೂ ಇರುವ ಅಳತೆಪಟ್ಟಿಯನ್ನು ನೋಡಿದಳು. ಕಂಪ್ಯೂಟರನ್ನು ಎಳೆದುಕೊಂಡು ಮೇಜಿನ ಕೆಳಗೆ ನುಗ್ಗಿದಳು, ಅಲ್ಲೇ ನೆಲದ ಮೇಲೆ ಕೂತು ಬರೆಯತೊಡಗಿದಳು. ನಾಲ್ಕು ವರ್ಷದವಳು ಗುಂಡುಸೂಜಿ ಆರಿಸುತ್ತಿದ್ದಾಗ ಕೂರುತ್ತಿದ್ದ ಭಂಗಿಯೇ ಅದು.

ನಾನು ಮೇಜಿನ ಮುಂದೆ ಕಾವಲು ನಿಂತೆ. ಬಂದವರಿಗೆಲ್ಲ "ಒಂದು ಗಂಟೆ ಬಿಟ್ಟು ಬನ್ನಿ" ಎಂದು ಸಾಗಹಾಕುತ್ತಿದ್ದೆ. ಆಗ ಆಯ್ಕೆದಾರರ ಸವಾರಿ ಬಂತು. ಕಾಗದ ಬರೆದವರು ಅವರೇ ಎಂದು ಎದೆಯ ಮೇಲಿನ ಚೀಟಿ ನೋಡಿ ತಿಳಿಯಿತು. ಎತ್ತರದ ಆಸಾಮಿ, ಒಳ್ಳೆ ಬೂದು ಉಣ್ಣೆಯ ಕೋಟು, ಆದರೆ ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಪಾಪ, ಮಾತಿಗೊಮ್ಮೆ ತೋಳು ಎಳೆದೆಳೆದು ಮೇಲಕ್ಕೆ ತಳ್ಳುತ್ತಿದ್ದರು.

"ಇದು ಆ ಹತ್ತೊಂಬತ್ತು ನಿಮಿಷದ್ದಲ್ವಾ? ಹಿಗ್ಗಿಸಿದ್ರಾ?" ಎಂದರು.

"ಇಲ್ಲ."

"ನಾನು ಹೇಳಿದ್ದೆ."

"ಹೇಳಿದ್ರಿ. ನಿಮ್ಮ ಕೋಟು ಹೊಲಿದವನಿಗೂ ಯಾರೋ ಹೀಗೇ ಹೇಳಿರಬೇಕು. ಇನ್ನೆರಡು ಬೆರಳು ಧಾರಾಳವಾಗಿ ಬಿಟ್ಟಿದ್ದಾನೆ. ಹಿತವಾಗಿದೆಯಾ?"

ಅವರು ತಮ್ಮ ತೋಳು ನೋಡಿಕೊಂಡರು. ಮೇಲಕ್ಕೆ ತಳ್ಳಹೋಗಿ, ನಾನು ನೋಡುತ್ತಿದ್ದೇನೆಂದು ಕೈ ಇಳಿಸಿದರು. "ಆಡೋಕೆ ಕೂರಬಹುದಾ?" ಎಂದರು ಸ್ವಲ್ಪ ಬಿಗಿಯಾಗಿ.

"ಅಳತೆ ನಡೀತಾ ಇದೆ. ಮೂರು ಗಂಟೆ ಮೇಲೆ ಬನ್ನಿ" ಎಂದೆ. ಅವರು ಹೋದ ಮೇಲೆ ಮೇಜಿನ ಕೆಳಗಿಂದ ಒಂದು ದನಿ ಕೇಳಿತು. "ಚಿಕ್ಕಮ್ಮ, ಅವರೇ ಆರಿಸೋರು ಅಂತ ಗೊತ್ತು ತಾನೇ ನಿಂಗೆ?" ಗೊತ್ತಿದ್ದೂ ಆಡಿದ್ದೆ. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಒಂದೂವರೆಗೆ ಅವಳು ಹೊರಗೆ ಬಂದಳು, ಕೂದಲಲ್ಲಿ ಧೂಳು. ಆಟಕ್ಕೆ ಹೊಸದೊಂದು ಬಾಗಿಲು ಇಟ್ಟಿದ್ದಳು. ಕಪ್ಪು ಪರದೆಯ ಮೇಲೆ ಒಂದು ಬಿಳಿ ಅಳತೆಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಂಟು ಪೆಟ್ಟು ಬೀಳುತ್ತವೆ, ನಾವು ಎಂಟು ಸಲ ಒತ್ತಿ ಬಿಡಬೇಕು. ಬಿಟ್ಟಲ್ಲೆಲ್ಲ ಪಟ್ಟಿಯ ಮೇಲೆ ಒಂದು ಕೆಂಪು ಚುಕ್ಕೆ. ಪಟ್ಟಿ ಸುತ್ತಿಕೊಂಡು ಹೋಗುವಷ್ಟರಲ್ಲಿ ಈ ಕೈ ಎಷ್ಟು ಮುಂಚೆ, ಎಷ್ಟು ತಡ ಎಂದು ಆಟಕ್ಕೆ ಗೊತ್ತಾಗಿರುತ್ತದೆ. ಇಡೀ ಊರು ಆ ಅಳತೆಗೆ ಕೂರುತ್ತದೆ. ಇದನ್ನು ಊಟದ ಹೊತ್ತಿನಲ್ಲಿ ನೆಲದ ಮೇಲೆ ಕೂತು ಮಾಡಿದವಳು ನಮ್ಮ ಹುಡುಗಿ.

ಬೆಳಗಿನ ನರ್ಸಮ್ಮ ಬಾಗಿಲ ಬಳಿ ಬಿಸ್ಕತ್ತು ತಿನ್ನುತ್ತ ನಿಂತಿದ್ದರು. ಕೈ ಹಿಡಿದು ಎಳೆದುಕೊಂಡು ಬಂದೆ. "ನನಗೆ ಬರಲ್ಲ ಬಿಡಿ" ಎಂದರು. "ತಪ್ಪು ನಿಮ್ಮ ಕೈಯದಲ್ಲ, ನನ್ನ ಕಾಲಿಂದು" ಎಂದೆ. ಅರ್ಥವಾಗದೆ, ಪಾಪ, ಹೆದರಿ ಕೂತರು.

ಎಂಟು ಪೆಟ್ಟು. ಪಟ್ಟಿ ಸುತ್ತಿಕೊಂಡಿತು. ನೂಲು ಓಡಿತು, ಬೆರಳು ಎದ್ದಿತು, ಕಿಟಕಿಯಲ್ಲಿ ದೀಪ ಹತ್ತಿತು. ಇನ್ನೊಂದು. ಇನ್ನೊಂದು. ನರ್ಸಮ್ಮನ ಬೆನ್ನು ನೆಟ್ಟಗಾಯಿತು. ಎರಡನೇ ಹಾಡಿಗೆ ಹಿಮ್ಮಡಿ ತಾಳ ಹಾಕತೊಡಗಿತು. ಮೂರನೇ ಹಾಡಿನಲ್ಲಿ ದೀಪಗಳು ಸಾಲಾಗಿ ಹತ್ತುತ್ತ ಬೀದಿಗೆ ಬೀದಿಯೇ ಬೆಳಗಿದಾಗ ಹಿಂದೆ ಯಾರೋ "ಅಬ್ಬ" ಎಂದರು. ತಿರುಗಿ ನೋಡಿದರೆ ಹದಿನೈದು ಜನ ನಿಂತಿದ್ದರು. ಗೋಡೆಯ ಪರದೆ ನೋಡುತ್ತ ಒಬ್ಬೊಬ್ಬರೂ ತೊಡೆಯ ಮೇಲೆ, ಚೀಲದ ಮೇಲೆ, ಪಕ್ಕದವರ ಕುರ್ಚಿಯ ಮೇಲೆ ಬೆರಳು ಒತ್ತಿ ಬಿಡುತ್ತಿದ್ದರು. ಕೊನೆಗೆ ಕೋಟು ಕಂಡಾಗ ಅಷ್ಟೂ ಬೆರಳು ನಿಂತವು. ಮುದುಕಿ ಕಾಲರು ಎತ್ತಿಕೊಂಡು ಹೊರಟುಹೋದಳು. ನರ್ಸಮ್ಮ ಹೆಡ್‌ಫೋನು ತೆಗೆದು, ಮೂಗು ಒರೆಸಿಕೊಂಡು, ನೇರ ಹೋಗಿ ಸರದಿಯ ಕೊನೆಯಲ್ಲಿ ನಿಂತರು.

ಮೂರು ಗಂಟೆಗೆ ಸರದಿ ಐದನೇ ಮೇಜಿನ ಮುಂದಿನಿಂದ ತಿರುಗಿ ಕಿಟಕಿಯವರೆಗೆ ಹೋಗಿತ್ತು. ಹತ್ತೊಂಬತ್ತು ನಿಮಿಷಕ್ಕೆ ಇಬ್ಬರು ಏಳುತ್ತಿದ್ದರು, ಇಬ್ಬರು ಕೂರುತ್ತಿದ್ದರು, ಎದ್ದವರು ಮತ್ತೆ ಸರದಿಗೆ ಸೇರುತ್ತಿದ್ದರು. ಚಿಕ್ಕದಾಯಿತು ಎಂದು ಒಬ್ಬರೂ ಹೇಳಲಿಲ್ಲ. ಬೆಳಗಿನ ಬ್ಯಾಂಕಿನಾಕೆ ಕೊನೆಯವರೆಗೆ ಆಡಿ, "ನಂಗೂ ತಾಳ ಇದೆ" ಎಂದು ಗಂಡನಿಗೆ ಫೋನು ಮಾಡಿ ಹೇಳಿದಳು.

ಉದ್ದ ತೋಳಿನವರು ಮೂರೂ ಕಾಲಿಗೆ ಬಂದರು. ಅವರನ್ನು ಮುಂದೆ ಬಿಡಲು ಸರದಿಯವರು ಮೊದಲು ಒಪ್ಪಲಿಲ್ಲ, ಅರ್ಧ ಗಂಟೆ ನಿಂತ ಮೇಲೆ ಕರಗಿ ದಾರಿ ಬಿಟ್ಟರು. ಕೊನೆಗೂ ಕೂತಾಗ ಕೋಟಿನ ತೋಳು ಗುಂಡಿಯ ಮೇಲೆ ಇಳಿಬಿದ್ದು ತೊಡಕಾಯಿತು. ಕೊರಳ ಪಟ್ಟಿಯ ಪಕ್ಕದಲ್ಲೇ ಸಿಕ್ಕಿಸಿಕೊಂಡಿದ್ದ ಎರಡು ಗುಂಡುಸೂಜಿ ತೆಗೆದು, ತೋಳನ್ನು ಎರಡು ಬೆರಳು ಮಡಿಸಿ ಚುಚ್ಚಿಕೊಟ್ಟೆ. ಒಂದು ಹಾಡು ಆಡಿ ಏಳುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎರಡನೇ ಹಾಡಿಗೆ ಹಿಂದಕ್ಕೆ ಸರಿದು ಸರಿಯಾಗಿ ಕೂತರು. ನಾಲ್ಕನೆಯದರಲ್ಲಿ ಅವರ ತುಟಿ ಎಣಿಸುತ್ತಿತ್ತು. ಕೋಟು ಬಂದು, ಮುದುಕಿ ಬಂದು, ಪರದೆ ಕಪ್ಪಾದ ಮೇಲೂ ಬೆರಳು ಗುಂಡಿಯ ಮೇಲೇ ಇತ್ತು.

"ಮುಗೀತಾ?" ಎಂದರು.

"ಮುಗೀತು" ಎಂದಳು ಗುಂಡುಸೂಜಿ.

ಅವರು ಎದ್ದು ಸರದಿಯ ಕಡೆ ನೋಡಿದರು. ಆಯ್ಕೆದಾರರಾದ್ದರಿಂದ ಮತ್ತೆ ಹೋಗಿ ನಿಲ್ಲುವಂತಿರಲಿಲ್ಲ ಎಂದು ಕಾಣುತ್ತದೆ. ಮಡಿಸಿದ ತೋಳನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೊರಟರು. ಚುಚ್ಚಿದ್ದ ಸೂಜಿಗಳನ್ನು ತೆಗೆದುಕೊಡಿ ಎಂದು ಕೇಳಲಿಲ್ಲ.

ನಾಲ್ಕೂವರೆಗೆ ಬಾಗಿಲಲ್ಲಿ ಅಕ್ಕ ಕಂಡಳು. ಶನಿವಾರ ಸಂಜೆ ಅಂಗಡಿ ಮುಚ್ಚಿ ಬಂದಿದ್ದಳು. ನಮ್ಮ ಅಂಗಡಿಯ ಇತಿಹಾಸದಲ್ಲೇ ಇಲ್ಲದ್ದು. ಕೈಕಟ್ಟಿ ನಿಂತು ಸರದಿಯ ಉದ್ದ ನೋಡಿದಳು, ಅವಳ ಮುಖದಲ್ಲಿ ಏನೂ ಕಾಣಲಿಲ್ಲ. "ಇವರೆಲ್ಲ ಯಾಕೆ ನಿಂತಿದಾರೆ?" ಎಂದಳು.

"ನಿನ್ನ ಮಗಳ ಆಟಕ್ಕೆ."

"ಎಲ್ಲರೂ?"

ನರ್ಸಮ್ಮನ ಸರದಿ ಬಂದಿತ್ತು, ಮೂರನೇ ಸಲ. ಅವರು ಅಕ್ಕನ ಮುಖವನ್ನೂ ಹುಡುಗಿಯ ಮುಖವನ್ನೂ ನೋಡಿ ಅರ್ಥಮಾಡಿಕೊಂಡು "ನೀವು ಕೂತ್ಕೊಳ್ಳಿ" ಎಂದು ಜಾಗ ಬಿಟ್ಟರು. ಅಕ್ಕ ಬೇಡ ಎಂದಳು, ಸಮಯವಿಲ್ಲ ಎಂದಳು, ಇಸ್ತ್ರಿ ಬಾಕಿ ಇದೆ ಎಂದಳು. ಹಾಗೆನ್ನುತ್ತಲೇ ಕೂತಳು. ನಾನು ಪೆಡಲನ್ನು ಅವಳ ಕಾಲಿನ ಬಳಿ ಸರಿಸಿದೆ. ಎಂಟು ಪೆಟ್ಟಿಗೆ ಎಂಟು ಕೆಂಪು ಚುಕ್ಕೆ ಬಿದ್ದವು, ಎಂಟೂ ಒಂಚೂರು ಮುಂಚೆ, ಎಂಟೂ ಒಂದೇ ನೇರಕ್ಕೆ. ಗುಂಡುಸೂಜಿ ಅದನ್ನು ನೋಡಿ ನನ್ನ ಕೈ ಹಿಡಿದುಕೊಂಡಳು.

ನಾವು ಅಕ್ಕ ತಡವರಿಸುತ್ತಾಳೆಂದು ಕಾದೆವು. ಅವಳು ಆ ಪರದೆಯನ್ನು ಜೀವಮಾನದಲ್ಲಿ ನೋಡಿದವಳಲ್ಲ. ಆದರೆ ಮೊದಲ ಪೆಟ್ಟಿಗೇ ದೀಪ ಹತ್ತಿತು, ಎರಡನೆಯದಕ್ಕೆ, ಹತ್ತನೆಯದಕ್ಕೆ. ಎಲ್ಲಿ ಹಾಡು ತಿರುಗುತ್ತದೆ, ಎಲ್ಲಿ ಒಂದು ಪೆಟ್ಟು ನುಂಗಿಕೊಳ್ಳುತ್ತದೆ, ಎಲ್ಲವೂ ಅವಳ ಕಾಲಿಗೆ ಮೊದಲೇ ಗೊತ್ತಿತ್ತು. ಆಗ ನನಗೆ ಹೊಳೆಯಿತು. ಎರಡು ವರ್ಷ ಬೆನ್ನು ತಿರುಗಿಸಿ ಕೂತಿದ್ದಳು, ಕಿವಿ ತಿರುಗಿಸಿರಲಿಲ್ಲ. ಈ ಐದು ಹಾಡುಗಳ ಮೇಲೇ ಅವಳು ಎರಡು ವರ್ಷದ ಪ್ಯಾಂಟುಗಳನ್ನೂ ಅಂಗಿಗಳನ್ನೂ ಹೊಲಿದಿದ್ದಳು. ನಿಟ್ಟುಸಿರು ಕೂಡ ತಾಳಕ್ಕೇ ಬಿಟ್ಟಿರಬೇಕು.

ಐದಕ್ಕೆ ವೇದಿಕೆಯಲ್ಲಿ ಮೈಕು ಕಿರುಗುಟ್ಟಿತು. ಅಕ್ಕ ನಾಲ್ಕನೇ ಹಾಡಿನಲ್ಲಿದ್ದಳು, ಒಂದು ಸಲವೂ ನೂಲು ಕಡಿದಿರಲಿಲ್ಲ. ಉದ್ದ ತೋಳಿನವರು, ತೋಳು ಮಡಿಸಿಕೊಂಡೇ, ಮೈಕು ಹಿಡಿದಿದ್ದರು. ಈ ವರ್ಷದ ಆಯ್ಕೆಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ ಎಂದರು. ಆಟ ಉದ್ದವಿರಬೇಕು ಎನ್ನುವ ಮಾತನ್ನು ನಾವು ಒಂದು ಕಾಗದದಲ್ಲಿ ಬರೆದಿದ್ದೆವು, ಅದನ್ನು ಇಲ್ಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಆಮೇಲೆ ಹೇಳಿದರು: "ಕೆಂಪು ನೂಲು."

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಗುಂಡುಸೂಜಿಯ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಅಕ್ಕನ ಭುಜ ಮುಟ್ಟಿ "ಅಮ್ಮಾ, ನನ್ನ ಕರೀತಿದಾರೆ" ಎಂದಳು.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೆಡ್‌ಫೋನಿನ ಒಂದು ಕಿವಿ ಸರಿಸಿ, "ಇರಲಿ ಇರು. ಇನ್ನೊಂದು ಹಾಡಿದೆ" ಎಂದಳು.

ವೇದಿಕೆಯವರು ಕಾದರು. ನೀವು ನಂಬುವುದಿಲ್ಲ, ಇಡೀ ಸಭಾಂಗಣ ಕಾಯಿತು. ಇಪ್ಪತ್ತು ಮೇಜಿನವರೂ, ಆಯ್ಕೆದಾರರೂ ನಮ್ಮ ಗೋಡೆಯ ಕಡೆ ತಿರುಗಿ ನಿಂತರು. ಒಂದೊಂದೇ ಕಿಟಕಿ ಬೆಳಗುತ್ತ ಹೋಯಿತು. ಒಟ್ಟು ನಾನೂರ ಹನ್ನೆರಡು ಕಿಟಕಿ, ಆ ದಿನ ಅಷ್ಟನ್ನೂ ಒಂದೂ ತಪ್ಪದೆ ಬೆಳಗಿಸಿದವಳು ನಮ್ಮಕ್ಕ ಒಬ್ಬಳೇ. ಕೊನೆಯ ದೀಪ ಹತ್ತಿದಾಗ ಎದ್ದ ಕೂಗು ಮೊದಲ ಚಪ್ಪಾಳೆಗಿಂತ ದೊಡ್ಡದು. ನೋಟ ಮೇಲೇರಿತು, ಬೀದಿಗಳು ಹೊಲಿಗೆಯಾದವು, ಮುದುಕಿ ಬಂದು ಕೋಟು ತೊಟ್ಟಳು. ಅಕ್ಕ ಬಾಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಕಾಜ ನಾನು ಹಾಕೋ ಥರಾನೇ ಹಾಕಿದೀಯ" ಎಂದಳು.

"ನಿನ್ನ ನೋಡ್ಕೊಂಡೇ ಬರೆದಿದ್ದು ಅಮ್ಮ. ಬೆನ್ನ ಹಿಂದಿಂದ."

ಅಕ್ಕ ಎದ್ದಳು. ಮಗಳ ಕೂದಲಿನ ಧೂಳು ಕೊಡವಿದಳು, ಕಾಲರು ಸರಿಮಾಡಿದಳು, ವೇದಿಕೆಯ ಕಡೆಗೆ ಮೆಲ್ಲಗೆ ದೂಡಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವುದನ್ನೂ ಮರೆತಿದ್ದಳು. ನಾನಂತೂ ಮಂಡಿ ನೋವನ್ನು ಮರೆತು ಕುಣಿದೆ. ನರ್ಸಮ್ಮ ಸಾಕ್ಷಿ.

ಸೋಮವಾರ ಬೆಳಿಗ್ಗೆ ಅಕ್ಕ ಮಾತಿಗೆ ತಪ್ಪಲಿಲ್ಲ. ಹೊದಿಕೆ ಒಗೆಯಲು ಹೋಯಿತು, ಕಾಜದ ಯಂತ್ರ ಮೂರನೇ ಮೇಜು ಹತ್ತಿತು. ಗುಂಡುಸೂಜಿ ಹೊಸ ಕೋಣೆಗೆ ಹೋಗಲು ಸಾಮಾನು ತುಂಬಿಕೊಳ್ಳುತ್ತಿದ್ದಳು. ಪೆಡಲಿಗೆ ಕೈಹಾಕಿದಾಗ ಅದರ ಮೇಲೆ ಅಕ್ಕನ ಚಪ್ಪಲಿ ಕಾಲು ಬಂದು ಕೂತಿತು.

"ಇದು ಅಂಗಡೀದು" ಎಂದಳು ಅಕ್ಕ. "ಆ ಹಳೇ ಕಂಪ್ಯೂಟರೂ ನನ್ನ ಮೇಜಿನ ಮೇಲೆ ಇರಲಿ. ನಿಂಗೆ ಹೊಸದು ಕೊಡ್ತಾರಲ್ಲ."

ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಗಾಜಿನ ಬಾಗಿಲು ತಟ್ಟಿದರು. ನೋಡಿದರೆ ಬೂದು ಕೋಟು, ತೋಳಿನಲ್ಲಿ ಇನ್ನೂ ನನ್ನ ಎರಡು ಗುಂಡುಸೂಜಿ. ಹೊಲಿಸಿಕೊಳ್ಳಲು ಬಂದಿದ್ದರು. ಒಳಗೆ ಅಕ್ಕ ಹೆಡ್‌ಫೋನು ಹಾಕಿಕೊಂಡು ಎರಡನೇ ಹಾಡಿಗೆ ಕಾಲು ಎತ್ತುತ್ತಿದ್ದಳು. ನಾನು ಬಾಗಿಲನ್ನು ಒಂದು ಗೇಣು ತೆರೆದು, "ಈಗ ಆಗಲ್ಲ, ಸ್ವಲ್ಪ ಕಾಯಬೇಕು" ಎಂದೆ.

ಅವರು ನನ್ನ ಭುಜದ ಮೇಲಿಂದ ಇಣುಕಿ, ಕೆಂಪು ನೂಲು ಓಡುವುದನ್ನು ನೋಡಿದರು.

"ಎಷ್ಟು ಹೊತ್ತು, ಹತ್ತೊಂಬತ್ತು ನಿಮಿಷ ತಾನೇ?" ಎಂದರು. ಒಳಗೆ ಬಂದು, ಸದ್ದಾಗದಂತೆ ಸ್ಟೂಲು ಎಳೆದುಕೊಂಡು ಅಕ್ಕನ ಹಿಂದೆ ಕೂತರು.